ಕೋಟೆಗೆ ಹೊರಟ ನಮ್ಮ ಸಣ್ಣ ಬಸ್ಸು

ಜನರನ್ನು ಬಸ್ಸಿಗೆ ಹತ್ತಿಸಿ, ಘಾಟಿ ದಾಟಿಸಿ, ಕಾಡಿನ ನಡುವೆ ಇಳಿಸಿದರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ಹಿಂದೆ ಬಂದ ಟೂರು ನನ್ನ ಸರ್ವಿಸಿನಲ್ಲಿ ಒಂದೂ ಇಲ್ಲ. ಇದ್ದರೆ ಆ ದಿನ ನಾನು ರಜೆಯಲ್ಲಿದ್ದೆ ಎಂದು ತಿಳಿಯಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಉಡುಪಿ ಬಸ್‌ ಸ್ಟ್ಯಾಂಡಿನ ಎದುರು, ಎಳನೀರು ಮಾರುವವನ ಹಿಂದೆ, ಒಂದು ಮೇಜು ಎರಡು ಕುರ್ಚಿ ಹಿಡಿಯುವ ಕೋಣೆಯಲ್ಲಿ ನಮ್ಮ ಟೂರಿಸ್ಟ್ ಕಂಪನಿ ಇತ್ತು. ಕಂಪನಿ ಎಂದರೆ ನಾಲ್ಕು ಜೀವ: ಧಣಿಗಳು, ಡ್ರೈವರ್, ನಾನು, ಮತ್ತೆ ಬಸ್ಸು. ನಾಲ್ಕನೆಯದಕ್ಕೆ ಜೀವ ಉಂಟೆಂದು ನಾನು ಹೇಳುವುದಲ್ಲ, ಅದು ಬೆಳಗ್ಗೆ ಎದ್ದೇಳಲು ಮಾಡುತ್ತಿದ್ದ ಹಟ ನೋಡಿದ ಯಾರಾದರೂ ಹೇಳಿಯಾರು.

ಧಣಿಗಳ ಹಟ

ಧಣಿಗಳು ಕಾಪುವಿನ ಬ್ಯಾರಿಗಳು, ನಮ್ಮ ಕರಾವಳಿಯ ಮುಸಲ್ಮಾನರು. ಅಜ್ಜನ ಕಾಲದಿಂದ ಕಟಪಾಡಿಯಲ್ಲಿ ಬಟ್ಟೆ ಅಂಗಡಿ. ಆದರೆ ಗದ್ದಿಗೆಯಲ್ಲಿ ಚಕ್ಕಳಮಕ್ಕಳ ಕುಳಿತು ದಿನವಿಡೀ ಲಂಗದ ಬಟ್ಟೆ ಹರಿಯುವುದೆಂದರೆ ಅವರಿಗೆ ಜೈಲು. "ಅಂಗಡಿಯಲ್ಲಿ ಕುಳಿತರೆ ನನ್ನ ಕಾಲು ಒಣಗಿ ಹೋಗ್ತದೆ ಮಾರಾಯ" ಎನ್ನುತ್ತಿದ್ದರು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಭಾವನನ್ನು ಅರ್ಧ ಪಾಲಿಗೆ ಒಪ್ಪಿಸಿ ಈ ಬಸ್ಸು ತಂದಿದ್ದರು. ಭಾವ ಎಂದರೆ ಅವರ ಹೆಂಡತಿಯ ಅಣ್ಣ, ಆಗ ಗಲ್ಫಿನಲ್ಲಿದ್ದರು.

ಬಸ್ಸು ತಂದವರು ಎಲ್ಲರ ಹಾಗೆ ದೇವಸ್ಥಾನಗಳ ಟೂರು ಮಾಡಬಹುದಿತ್ತು. ಧಣಿಗಳಿಗೆ ಅದು ಬೇಡ. "ದೇವಸ್ಥಾನಕ್ಕೆ ಕರಕೊಂಡು ಹೋಗುವವರು ನೂರು ಜನ ಇದ್ದಾರೆ. ನಾವು ಕೋಟೆಗೆ ಕರಕೊಂಡು ಹೋಗುವ" ಎಂದರು. ಆಗುಂಬೆ ಘಾಟಿ ಹತ್ತಿ ಇನ್ನಷ್ಟು ಒಳಗೆ ಹೋದರೆ ದಟ್ಟ ಕಾಡು, ಗುಡ್ಡದ ಬುಡದಲ್ಲಿ ಗುಹೆಗಳು, ಮೇಲೆ ಹಳೆಯ ಅರಸರ ಕೋಟೆ. ಘಾಟಿಯ ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲವೆಂದೇ ಸಣ್ಣ ಬಸ್ಸು ತಂದದ್ದು. ಅವರು ಮದುವೆಗೆ ಮೊದಲು ಒಮ್ಮೆ ಆ ಕೋಟೆ ಹತ್ತಿದ್ದರಂತೆ. ಅದರ ಮಾತು ತೆಗೆದರೆ ಸಾಕು, ಅವರ ಮುಖ ಬೇರೆಯೇ ಆಗುತ್ತಿತ್ತು.

ಊರಿನವರು ನಕ್ಕರು. ಕಾಪುವಿನಲ್ಲೇ ಸಮುದ್ರದ ಕಡೆ ಹಳೆಯ ಕೋಟೆಯ ನಾಲ್ಕು ಕಲ್ಲು ಬಿದ್ದಿವೆ, ಅದರ ಮೇಲೆ ಆಡು ಮೇಯುತ್ತದೆ. "ಕಲ್ಲು ನೋಡಲಿಕ್ಕೆ ಘಾಟಿ ಯಾಕೆ ಹತ್ತಬೇಕು?" ಎಂದು ಮಸೀದಿಯ ಎದುರಿನ ಹೋಟೆಲಿನಲ್ಲಿ ಕೇಳಿದರು. ಗಲ್ಫಿನಿಂದ ರಜೆಯಲ್ಲಿ ಬಂದ ಭಾವ ನಗಲೂ ಇಲ್ಲ. ನೇರವಾಗಿ ಹೇಳಿದರು: "ಬರುವ ಮಳೆಗಾಲದೊಳಗೆ ಜನ ಖುಷಿಯಿಂದ ಹತ್ತಿ ಖುಷಿಯಿಂದ ಇಳಿದ ಒಂದು ಟೂರು ನನಗೆ ತೋರಿಸು. ಇಲ್ಲದಿದ್ದರೆ ಬಸ್ಸು ಪಡುಬಿದ್ರಿ ಲೈನಿಗೆ, ನೀನು ಅಂಗಡಿಗೆ."

ಧಣಿಗಳು ಒಪ್ಪಿದರು. ಗೈಡ್ ಬೇಕಲ್ಲ? ನನಗೆ ಯಕ್ಷಗಾನದ ಹುಚ್ಚು, ತಾಳಮದ್ದಳೆಯಲ್ಲಿ ಸ್ವಲ್ಪ ಅರ್ಥ ಹೇಳಿದ ಅನುಭವವೂ ಇತ್ತು. ನಾನು ಕೆಲಸ ಕೇಳಲು ಹೋದಾಗ ಧಣಿಗಳು ಒಂದೇ ಪ್ರಶ್ನೆ ಕೇಳಿದ್ದು.

"ಆ ಕೋಟೆಯ ಚರಿತ್ರೆ ನಿನಗೆ ಎಂತ ಗೊತ್ತುಂಟು?"

"ಏನೂ ಗೊತ್ತಿಲ್ಲ ಧಣಿ. ಆದರೆ ಎಷ್ಟು ಹೊತ್ತು ಬೇಕಾದರೂ ಹೇಳ್ತೇನೆ."

"ಸಾಕು" ಎಂದರು.

ಬಾಗಿಲು ಕಂಡರೆ ಚಪ್ಪಲಿ

ಮೊದಲ ಟೂರು ದೀಪಾವಳಿಗೆ ಸ್ವಲ್ಪ ಮೊದಲು. ಮಳೆ ನಿಂತಿತ್ತು, ಆದರೆ ಘಟ್ಟದ ಕಾಡು ಇನ್ನೂ ಒದ್ದೆ. ಉಡುಪಿ ರಥಬೀದಿಯ ಸುತ್ತಮುತ್ತಲಿನ ಒಂದಷ್ಟು ಸಂಸಾರಗಳು, ಹೆಚ್ಚಿನವರು ಹಿರಿಯರು. ಗುಡ್ಡದ ಬುಡದಿಂದ ಕಾಲುದಾರಿ ಹತ್ತಿ ಕೋಟೆಯ ಮೊದಲ ಬಾಗಿಲು ತಲುಪಿದೆವು. ಆನೆ ಹೋಗುವಷ್ಟು ದೊಡ್ಡ ಕಲ್ಲಿನ ಬಾಗಿಲು. ನಾನು ಗಂಟಲು ಸರಿಮಾಡಿ ಚರಿತ್ರೆ ಶುರುಮಾಡಬೇಕು ಎನ್ನುವಷ್ಟರಲ್ಲಿ ಎಲ್ಲರೂ ಬಗ್ಗಿದರು. ಏನು ಎಂದು ನೋಡಿದರೆ ಚಪ್ಪಲಿ ಕಳಚುತ್ತಿದ್ದಾರೆ!

"ಇದು ದೇವಸ್ಥಾನ ಅಲ್ಲ, ಕೋಟೆ. ಚಪ್ಪಲಿ ಹಾಕಿಕೊಂಡೇ ಬನ್ನಿ" ಎಂದೆ.

ಒಬ್ಬ ಹಿರಿಯರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಇಷ್ಟು ದೊಡ್ಡ ಬಾಗಿಲು ಉಂಟು. ಇದರೊಳಗೆ ಚಪ್ಪಲಿ ಹಾಕಿಕೊಂಡು ಹೋಗುವುದಾ? ನೀವು ಯಾವ ಊರಿನವರು?"

ನನ್ನ ಊರು ಕೇಳಿದ ಮೇಲೆ ನಾನು ಬದಿಗೆ ಸರಿದು ದಾರಿ ಬಿಟ್ಟೆ. ಚಪ್ಪಲಿಗಳೆಲ್ಲ ಸಾಲಾಗಿ ಬಾಗಿಲ ಬದಿಗೆ ಕುಳಿತವು. ಜನ ಕೈಕಾಲು ತೊಳೆಯಲು ನೀರು ಹುಡುಕಿದರು. ಸಿಗಲಿಲ್ಲ, ಆಕಾಶ ನೋಡಿ ಕೈಮುಗಿದು ಬರಿಗಾಲಲ್ಲಿ ಒಳಗೆ ಕಾಲಿಟ್ಟರು.

ಆ ಕಾಡಿನಲ್ಲಿ ರಕ್ತ ಹೀರುವ ಉಂಬಳಗಳಿಗೆ ವರ್ಷಕ್ಕೊಮ್ಮೆಯೂ ಇಂಥ ಸಮಾರಾಧನೆ ಸಿಕ್ಕಿರಲಾರದು. ಹತ್ತು ಹೆಜ್ಜೆ ಹೋಗಿಲ್ಲ, ಒಬ್ಬ ಹೆಂಗಸು "ಅಯ್ಯಯ್ಯೋ" ಎಂದು ಕುಣಿದರು. ಅವರು ಯಾಕೆ ಕುಣಿಯುವುದು ಎಂದು ನೋಡಲು ಬಗ್ಗಿದ ಗಂಡ ತಾವೂ ಕುಣಿದರು. ಎರಡು ನಿಮಿಷದಲ್ಲಿ ನಮ್ಮ ಇಡೀ ಟೂರು ಕೋಟೆಯೊಳಗೆ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿತ್ತು. ಧಣಿಗಳು ಬೂಟು ಹಾಕಿದ್ದರು. ಆದರೂ ಮರ್ಯಾದೆಗೆ ಅವರೂ ಸ್ವಲ್ಪ ಕುಣಿದರು.

ಆಗ ಉಪಾಯ ಗೊತ್ತಿದ್ದದ್ದು ಒಬ್ಬ ಅತ್ತೆಗೆ ಮಾತ್ರ. ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಬಂಡೆಯ ಮೇಲೆ ಕುಳಿತರು. ಕಚ್ಚಿದ ಜಾಗಕ್ಕೆ ಒಂದು ಬೊಟ್ಟು ಸುಣ್ಣ, ಉಂಬಳ ತಟ್ಟನೆ ಬಿತ್ತು. ಎಲ್ಲರೂ ಅವರ ಎದುರು ಕಾಲು ನೀಡಿ ಸಾಲು ನಿಂತರು. ಯಾವತ್ತೂ ಆ ಅತ್ತೆಯ ಮಾತು ಕೇಳದ ಸೊಸೆ ಮೊದಲನೆಯವಳಾಗಿ ನಿಂತಿದ್ದಳು. ಅತ್ತೆ ಸುಣ್ಣದ ಬೆರಳು ಎತ್ತಿ ಕೇಳಿದರು, "ಈಗ ಹೇಳು, ಇನ್ನು ಮೇಲೆ ಎಲೆಯಡಿಕೆ ಬಿಡಿ ಅಂತ ಹೇಳ್ತೀಯಾ?"

"ಇಲ್ಲ ಅತ್ತೆ, ಬೇಕಾದಷ್ಟು ತಿನ್ನಿ, ಮೊದಲು ಹಚ್ಚಿ!"

ಕೋಟೆ ನೋಡುವ ಮಾತು ಅಲ್ಲಿಗೇ ಮುಗಿಯಿತು. ಆದರೆ ರಜೆ ಮುಗಿಸಿ ಹೊರಡುವ ಮೊದಲು ಮನೆಗೆ ಬಂದ ಭಾವನಿಗೆ ಧಣಿಗಳು ಸುಳ್ಳು ಹೇಳಲಿಲ್ಲ. "ಜನ ಕೋಟೆಯಲ್ಲಿ ಕುಣಿದಾಡಿದರು ಭಾವ" ಎಂದರು.

ಬಾಗಿಲಲ್ಲೇ ನಿಂತ ಯುದ್ಧ

ಮುಂದಿನ ಟೂರಿಗೆ ಅರ್ಧ ಬಸ್ಸು ಉಡುಪಿಯವರು, ಕಾರ್ಕಳದವರು ಹೆಬ್ರಿಯಲ್ಲಿ ಹತ್ತಿದರು. ಕಾರ್ಕಳದವರಲ್ಲಿ ಒಬ್ಬರು ಹೈಸ್ಕೂಲು ಮಾಸ್ಟ್ರು. ತೆಳ್ಳಗೆ, ಹೆಗಲ ಮೇಲೆ ಶಾಲು, ಮುಖದಲ್ಲಿ ಎದುರಾಳಿಯನ್ನು ಹುಡುಕುವ ಕಳೆ. ನನಗೆ ಆಗಲೇ ಸಂಶಯ ಬರಬೇಕಿತ್ತು.

ಈ ಸಲ ಬುಡದಲ್ಲೇ ಭಾಷಣ ಮಾಡಿ ಎಲ್ಲರ ಕಾಲಲ್ಲೂ ಚಪ್ಪಲಿ ಉಳಿಯುವಂತೆ ನೋಡಿಕೊಂಡಿದ್ದೆ. ಬಾಗಿಲ ಹತ್ತಿರ ಬಂದು, ಒಂದು ಕಲ್ಲಿನ ಮೇಲೆ ನಿಂತು, ಶ್ರುತಿ ಏರಿಸಿ ಹೇಳಿದೆ: "ಮಹನೀಯರೇ, ಇದುವೇ ಅರಸರ ಮಹಾದ್ವಾರ! ಶತ್ರು ಸೈನ್ಯ ಇಲ್ಲಿಯವರೆಗೆ ಬಂದು ಹಿಮ್ಮೆಟ್ಟಿತು!"

"ನಿಲ್ಲಿ" ಎಂದಿತು ಒಂದು ಧ್ವನಿ. ಮಾಸ್ಟ್ರು ಶಾಲು ಸರಿಮಾಡಿಕೊಂಡು ಮುಂದೆ ಬಂದರು. "ಹಿಮ್ಮೆಟ್ಟಿತು ಎಂದಿರಿ. ಹೆದರಿ ಹಿಮ್ಮೆಟ್ಟಿತೋ, ಔದಾರ್ಯದಿಂದ ಹಿಮ್ಮೆಟ್ಟಿತೋ?"

"ಹೀಗೆ ಕೇಳುವ ತಾವು ಯಾರು?"

"ಆ ಸೈನ್ಯದ ಸೇನಾಧಿಪತಿ ಎಂದೇ ತಿಳಿದುಕೊಳ್ಳಿ."

ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕುಳಿತು ಮಾತಿನಲ್ಲೇ ಯುದ್ಧ ಮಾಡುವುದು. ಎದುರಿನವನು ಒಂದು ಮಾತು ಎಸೆದರೆ ಅದನ್ನು ನೆಲಕ್ಕೆ ಬೀಳಲು ಬಿಡುವುದು ನಮ್ಮ ಕಡೆ ನಾಚಿಕೆಗೇಡು. ನಾನು ಅರಸನಾದೆ. "ಎಲೈ ಸೇನಾಧಿಪತಿ, ಕರೆಯದೆ ಬಂದವನನ್ನು ಲೋಕ ಅತಿಥಿ ಎನ್ನುತ್ತದೆ. ಆಯುಧ ಹಿಡಿದು ಬಂದವನನ್ನು ಏನೆನ್ನಬೇಕು?" ಎಂದೆ. ಅವರು ಅತಿಥಿ ಎಂದರೇನು ಎಂಬಲ್ಲಿಂದ ಶುರುಮಾಡಿದರು. ಜನ ಮೆಲ್ಲನೆ ಕುಳಿತುಕೊಂಡರು. ಉಡುಪಿಯವರು ನನ್ನ ಕಡೆ, ಕಾರ್ಕಳದವರು ಅವರ ಕಡೆ. ಯಾರೋ ಒಬ್ಬರು ಕಂಪನಿಯ ನೀರಿನ ಬಕೆಟು ಕವುಚಿ ಹಾಕಿ ಮದ್ದಳೆ ಬಾರಿಸಿದರು.

ಧಣಿಗಳು ಹಿಂದೆ ಮುಂದೆ ನಡೆದರು. "ಆಯ್ತಲ್ಲ ಮಾರಾಯ, ಇನ್ನು ಒಳಗೆ ಹೋಗುವ" ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಸಂಧಾನ ಆಗದೆ ಶತ್ರುವನ್ನು ಒಳಗೆ ಹೇಗೆ ಬಿಡುವುದು ಧಣಿ?" ಎಂದೆ. ನನಗೆ ಆಗ ಮೈಮೇಲೆ ಅರಸನೇ ಬಂದಿದ್ದ.

ಧಣಿಗಳು ಆ ಕಡೆ ಹೋಗಿ ಮಾಸ್ಟ್ರಿಗೆ ಕೈಮುಗಿದರು. "ಸೇನಾಧಿಪತಿಗಳೇ, ನೀವಾದರೂ ಒಮ್ಮೆ ಸೋಲಿ."

"ಸೋಲುವುದಾ? ಕಾರ್ಕಳದಿಂದ ಬಂದದ್ದು ಸೋಲಲಿಕ್ಕಾ?" ಎಂದರು ಮಾಸ್ಟ್ರು. ಅವರ ಕಡೆಯವರು ಚಪ್ಪಾಳೆ ತಟ್ಟಿದರು.

ಹೊತ್ತು ಇಳಿಯಿತು. ಕಾಡಿನಿಂದ ಮಂಜು ಏರಿತು. ಕತ್ತಲಾಗುವ ಮೊದಲು ಘಾಟಿ ಇಳಿಯಬೇಕೆಂದು ಡ್ರೈವರ್ ಕೆಳಗಿನಿಂದ ಹಾರ್ನು ಹೊಡೆಯುತ್ತಲೇ ಇದ್ದ. ಕೊನೆಗೆ ಇಬ್ಬರೂ ಸಮಬಲ ಎಂದು ಪರಸ್ಪರ ಹೊಗಳಿಕೊಂಡು, ಅಪ್ಪಿಕೊಂಡು, ಗುಡ್ಡ ಇಳಿದೆವು. ಒಬ್ಬನೂ ಬಾಗಿಲ ಆಚೆ ಕಾಲಿಟ್ಟಿರಲಿಲ್ಲ.

ಬಸ್ಸಿನಲ್ಲಿ ಧಣಿಗಳು ನನ್ನ ಪಕ್ಕದಲ್ಲೇ ಕುಳಿತರು. ಹೆಬ್ರಿ ದಾಟಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: "ಅರಸರಿಗೆ ಈ ಕೋಟೆ ಕಾಯಲಿಕ್ಕೆ ಫಿರಂಗಿ ಬೇಕಾಯಿತು. ನಿನಗೆ ಬಾಯಿ ಸಾಕಾಯಿತು."

ಗುಹೆಯ ಮೌನಿ

ಚಳಿಗಾಲದ ಕೊನೆಗೆ ಮಣಿಪಾಲದಿಂದ ಒಂದು ಪಾರ್ಟಿ ಬಂತು. ಬ್ಯಾಂಕಿನ ಅಧಿಕಾರಿಗಳು, ಅವರ ಮನೆಯವರು. ಕಲಿತವರು, ಟೈಮಿಗೆ ಬರುವವರು. ಧಣಿಗಳಿಗೆ ಹೊಸ ಆಸೆ ಹುಟ್ಟಿತು. "ಇವರು ಕುಣಿಯುವುದಿಲ್ಲ, ಯುದ್ಧವೂ ಮಾಡುವುದಿಲ್ಲ" ಎಂದರು.

ಗುಡ್ಡದ ಬುಡದ ಗುಹೆಗಳಲ್ಲಿ ಹಿಂದೆ ಋಷಿಗಳು ತಪಸ್ಸು ಮಾಡಿದ್ದರು ಎಂದು ಬಸ್ಸಿನಲ್ಲಿ ಹೇಳಿದ್ದೆ. ಗುಹೆ ಎಂದ ಮೇಲೆ ಋಷಿ ಇರಲೇಬೇಕು, ಅದಕ್ಕೆ ದಾಖಲೆ ಬೇಕಾಗಿಲ್ಲ. ಎಲ್ಲರೂ ಬಾಳೆಹಣ್ಣು ಊದುಬತ್ತಿ ಸಮೇತ ಇಳಿದರು. ಧಣಿಗಳು ಕೋಟೆಯ ದಾರಿ ಸರಿಯುಂಟೋ ಎಂದು ನೋಡಲು ಮುಂದೆ ಹೋಗಿದ್ದರು.

ನಾವು ದೊಡ್ಡ ಗುಹೆಯೊಳಗೆ ಬಗ್ಗಿ ನುಗ್ಗಿದೆವು. ತಣ್ಣನೆಯ ಕತ್ತಲು. ಒಂದು ಬಾವಲಿ ತಲೆಯ ಮೇಲಿಂದ ಹಾರಿತು. ಮುಂದಿದ್ದ ಒಬ್ಬ ಅಧಿಕಾರಿಯ ಹೆಂಡತಿ "ಶ್‌!" ಎಂದರು. ಒಳಗೆ ಬಂಡೆಯ ಮೇಲೆ ಒಬ್ಬರು ಕುಳಿತಿದ್ದಾರೆ! ಬರಿಮೈ, ಪಂಚೆ, ಮುಚ್ಚಿದ ಕಣ್ಣು, ಉಬ್ಬಿದ ಕೆನ್ನೆ.

ಆ ಹೆಂಗಸು ಅಲ್ಲೇ ಅಡ್ಡಬಿದ್ದರು. ಅವರ ಹಿಂದೆ ಇಡೀ ಬ್ಯಾಂಕು ಅಡ್ಡಬಿತ್ತು.

ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನಾನು ಸರಿಯಾಗಿ ನೋಡಿದೆ. ಅದು ನಮ್ಮ ಡ್ರೈವರ್! ರಾತ್ರಿ ಯಕ್ಷಗಾನ ನೋಡಿ ನಿದ್ದೆಗೆಟ್ಟವನು, ತಂಪು ಉಂಟೆಂದು ಖಾಕಿ ಕಳಚಿಟ್ಟು ಗುಹೆಯಲ್ಲಿ ತೂಕಡಿಸಲು ಬಂದಿದ್ದ. ಬಾಯಿ ತುಂಬ ಎಲೆಯಡಿಕೆ. ಕಣ್ಣು ಬಿಟ್ಟು ನೋಡಿದರೆ ಎದುರು ಇಷ್ಟು ಜನ ಮಲಗಿದ್ದಾರೆ. ಹೆದರಿ ಹೋದ. ಮಾತಾಡಿದರೆ ರಸ ಅವರ ತಲೆಯ ಮೇಲೆ ಬೀಳುತ್ತದೆ, ಉಗಿಯೋಣವೆಂದರೆ ಜಾಗವಿಲ್ಲ.

"ಸ್ವಾಮೀ, ಮಗಳಿಗೆ ಮದುವೆ ಕೂಡಿ ಬರುತ್ತಿಲ್ಲ" ಎಂದರು ಆ ತಾಯಿ.

ಡ್ರೈವರ್ 'ಸ್ವಲ್ಪ ನಿಲ್ಲಿ, ಉಗಿದು ಬರ್ತೇನೆ' ಎನ್ನುವ ಅರ್ಥದಲ್ಲಿ ಅಂಗೈ ಎತ್ತಿದ.

"ಅಭಯಹಸ್ತ!" ಎಂದರು ಎಲ್ಲರೂ.

ಬಾಳೆಹಣ್ಣಿನ ಚಿಪ್ಪುಗಳು ಅವನ ಮುಂದೆ ರಾಶಿ ಬಿದ್ದವು. ನಾನು ನಿಜ ಹೇಳೋಣವೆಂದು ಬಾಯಿ ತೆರೆದೆ. ಆ ತಾಯಿಯ ಕಣ್ಣಲ್ಲಿ ನೀರು ಕಂಡು ಬಾಯಿ ಮುಚ್ಚಿದೆ. ಇಂಥ ದರ್ಶನ ಸಿಕ್ಕ ಮೇಲೆ ಗುಡ್ಡ ಹತ್ತಿ ಕಲ್ಲು ನೋಡುವುದು ಏನು ಚಂದ ಎಂದು ಎಲ್ಲರೂ ಅಲ್ಲೇ ಭಜನೆಗೆ ಕುಳಿತರು. ಕೋಟೆಯ ಬಾಗಿಲಲ್ಲಿ ಧಣಿಗಳು ಒಬ್ಬರೇ ಕಾದು ಕಾದು ಸುಸ್ತಾಗಿ ಇಳಿದು ಬಂದರು.

ಹೊರಡುವಾಗ ಡ್ರೈವರ್ ಖಾಕಿ ಹಾಕಿಕೊಂಡು ಸ್ಟೇರಿಂಗ್ ಹಿಡಿದ. ಆ ತಾಯಿ ಬಸ್ಸು ಹತ್ತುತ್ತಾ ಅವನ ಮುಖ ನೋಡಿ ಗಕ್ಕನೆ ನಿಂತರು. ಅವರು ಗಂಡನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿತು: "ನೋಡಿ, ಘಾಟಿ ಅಪಾಯ ಅಂತ ಸ್ವಾಮಿಗಳೇ ಇವನ ಮೈಮೇಲೆ ಬಂದಿದ್ದಾರೆ."

ತಮಾಷೆ ಏನೆಂದರೆ, ಆ ಹುಡುಗಿಗೆ ಒಂದೇ ತಿಂಗಳಲ್ಲಿ ಮದುವೆ ನಿಶ್ಚಯವಾಯಿತು. ನಮ್ಮ ಡ್ರೈವರ್ ಮದುವೆಯಾಗದೆ ಮನೆಯಲ್ಲಿ ಬೈಗುಳ ತಿನ್ನುತ್ತಿದ್ದವನು. ಸುದ್ದಿ ಕೇಳಿದ ಮರುದಿನ ರಜೆ ಹಾಕಿದ. "ಎಲ್ಲಿಗೆ ಹೊರಟೆ?" ಎಂದು ಕೇಳಿದೆ.

"ಆ ಗುಹೆಯಲ್ಲಿ ಎಂತದೋ ಉಂಟು ಮಾರಾಯ. ಒಮ್ಮೆ ನಾನೂ ಅಡ್ಡಬಿದ್ದು ಬರ್ತೇನೆ" ಎಂದ.

ಪಂಕ್ತಿ

ಹೀಗೆ ಮೇ ತಿಂಗಳು ಬಂತು. ಸಮುದ್ರದ ಕಡೆ ಮೋಡ ಕಾಣಿಸತೊಡಗಿತು. ಧಣಿಗಳ ಮುಖ ಆ ಮೋಡಕ್ಕಿಂತ ಕಪ್ಪು. ಇನ್ನೊಂದು ರಜೆಯಲ್ಲಿ ಊರಿಗೆ ಬಂದಿದ್ದ ಭಾವ, "ಈ ಆದಿತ್ಯವಾರದ ಟೂರಿಗೆ ನಾನೇ ಬರ್ತೇನೆ. ಕಣ್ಣಾರೆ ನೋಡಿ ಹೇಳ್ತೇನೆ" ಎಂದರು. ಅಂದರೆ ಅದೇ ಕೊನೆಯ ಪರೀಕ್ಷೆ. ಅಂಗಡಿಯಲ್ಲಿ ತಮ್ಮ ಆಗಲೇ ಗದ್ದಿಗೆಗೆ ಹೊಸ ಬಿಳಿ ಬಟ್ಟೆ ಹಾಸಿದ್ದ. ಅದನ್ನು ನೋಡಿ ಬಂದ ಧಣಿಗಳು ಆ ರಾತ್ರಿ ಊಟ ಮಾಡಲಿಲ್ಲವಂತೆ.

ಭಾವ ಬಿಳಿ ಪ್ಯಾಂಟು, ಕಪ್ಪು ಕನ್ನಡಕ, ಕೈಯಲ್ಲೊಂದು ಉಬ್ಬಿದ ಏರ್‌ಬ್ಯಾಗು ಹಿಡಿದು ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತರು. ಉಳಿದವರು ಕಾಪು, ಕಟಪಾಡಿ, ಉಡುಪಿಯ ಸಂಸಾರಗಳು. ಅವರಲ್ಲಿ ಇಬ್ಬರನ್ನು ಇಲ್ಲಿ ಹೇಳಲೇಬೇಕು. ಒಬ್ಬರು ರಿಟೈರ್ಡ್ ಪೋಸ್ಟ್‌ಮಾಸ್ಟ್ರು, ಎಲ್ಲದಕ್ಕೂ ವ್ಯವಸ್ಥೆ ಸರಿಯಿರಬೇಕು ಎನ್ನುವವರು. ಇನ್ನೊಬ್ಬರು ಕಟಪಾಡಿಯ ಒಬ್ಬ ಅಜ್ಜಿ. ಅವರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೆಮ್ಮಿದರೆ ಡ್ರೈವರ್ ಬ್ರೇಕು ಹಾಕುತ್ತಿದ್ದ, ಅಂಥ ಗಂಟಲು.

ಅವತ್ತು ಎಲ್ಲವೂ ಸಲೀಸು. ಉಂಬಳ ಇಲ್ಲ, ಸೇನಾಧಿಪತಿ ಇಲ್ಲ, ಗುಹೆಗೆ ನಾನು ಯಾರನ್ನೂ ಬಿಡಲಿಲ್ಲ. ಬಾಗಿಲುಗಳನ್ನು ದಾಟಿ, ಕೆರೆ ದಾಟಿ, ನಮ್ಮ ಟೂರು ಮೊಟ್ಟಮೊದಲ ಸಲ ಕೋಟೆಯ ತುದಿ ಮುಟ್ಟಿತು! ಎದುರು ಕಾಡೋ ಕಾಡು, ತಂಪು ಗಾಳಿ, ಅರಮನೆಯ ಚಾವಣಿಯಿಲ್ಲದ ಕಲ್ಲಿನ ಚಾವಡಿ. ಧಣಿಗಳ ಕಣ್ಣು ತುಂಬಿತು. ಭಾವನನ್ನು ಓರೆಗಣ್ಣಿನಿಂದ ನೋಡಿದರು. ನಾನು ಕಲ್ಲಿನ ಮೇಲೆ ಹತ್ತಿ "ಮಹನೀಯರೇ" ಎಂದೆ.

"ಅದು ಆಮೇಲೆ" ಎಂದರು ಪೋಸ್ಟ್‌ಮಾಸ್ಟ್ರು. "ಊಟ ಎಲ್ಲಿ?"

ನಮ್ಮ ಕಡೆಯವರ ಲೆಕ್ಕಾಚಾರವೇ ಹಾಗೆ. ಕಷ್ಟಪಟ್ಟು ಎಲ್ಲಿಗೆ ಹೋದರೂ, ಮಧ್ಯಾಹ್ನವಾದರೆ ಅಲ್ಲೊಂದು ಎಲೆ ಹಾಕಿ ಬಡಿಸುತ್ತಾರೆ. ದೇವರ ದರ್ಶನ ತಪ್ಪಿದರೂ ಊಟ ತಪ್ಪದು. ಕೋಟೆ ಬೇರೆ, ದೇವಸ್ಥಾನ ಬೇರೆ ಎಂದು ಅವರ ತಲೆಗೆ ಹೊಳೆಯಬಹುದು, ಹೊಟ್ಟೆಗೆ ಹೇಗೆ ಹೊಳೆಯಬೇಕು?

"ಊಟ..." ಎಂದು ಧಣಿಗಳು ತಡವರಿಸುವಷ್ಟರಲ್ಲಿ ಅಜ್ಜಿ ಕಲ್ಲಿನ ಚಾವಡಿ ನೋಡಿ, "ಭೋಜನಶಾಲೆ ಇಲ್ಲೇ ಉಂಟಲ್ಲ, ಒಳ್ಳೇ ಉದ್ದ ಉಂಟು" ಎಂದು ಸೆರಗು ಸುತ್ತಿ ಕುಳಿತೇ ಬಿಟ್ಟರು. ಅವರ ಪಕ್ಕಕ್ಕೆ ಪೋಸ್ಟ್‌ಮಾಸ್ಟ್ರು. ಆಮೇಲೆ ಕೇಳಬೇಕೇ? ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು, ಕಣ್ಣು ಮುಚ್ಚಿ ಬಿಡುವುದರೊಳಗೆ ಪಂಕ್ತಿ ತಯಾರು. ಎಲ್ಲರೂ ಮುಂದೆ ಒಂದು ಎಲೆಯಷ್ಟು ಜಾಗ ಕೈಯಿಂದ ಗುಡಿಸಿ, ಅಡುಗೆ ಬರುವ ದಿಕ್ಕನ್ನು ಹುಡುಕುತ್ತಾ ಕುಳಿತರು.

ಧಣಿಗಳು ನನ್ನ ಅಂಗಿ ಹಿಡಿದು ಕಂಬದ ಹಿಂದಕ್ಕೆ ಎಳೆದರು. "ಪಂಕ್ತಿ ಕೂತಿತು ಮಾರಾಯ! ಎಬ್ಬಿಸುವುದು ಹೇಗೆ?"

"ಕೂತ ಪಂಕ್ತಿಯನ್ನು ಉಣ್ಣಿಸದೆ ಎಬ್ಬಿಸುವ ಕ್ರಮ ನಮ್ಮಲ್ಲಿ ಇಲ್ಲ ಧಣಿ."

"ನಮ್ಮಲ್ಲಿಯೂ ಇಲ್ಲ. ಈಗ ಎಂತ ಮಾಡುವುದು?"

ಭಾವ ಮುರಿದ ಗೋಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಏರ್‌ಬ್ಯಾಗು ತೊಡೆಯ ಮೇಲೆ. "ಬಡಿಸು, ಬಡಿಸು. ಕಲ್ಲು ಬೇಕಾದಷ್ಟು ಉಂಟಲ್ಲ" ಎಂದರು. ಧಣಿಗಳು ಗೋಡೆಗೊರಗಿ ನಿಂತರು. ಕಟಪಾಡಿಯ ಗದ್ದಿಗೆ ಅವರ ಕಣ್ಣ ಮುಂದೆ ಬಂದಿರಬೇಕು. ನನಗೆ ಪಾಪ ಎನಿಸಿತು.

ಅಷ್ಟರಲ್ಲಿ ಒಂದು ಮಂಗ ಎಲ್ಲಿತ್ತೋ, ಪೋಸ್ಟ್‌ಮಾಸ್ಟ್ರ ಚೀಲಕ್ಕೆ ಕೈಹಾಕಿ ಎಳೆಯಿತು. ಚೀಲ ಹರಿದು ನೆಲದ ಮೇಲೆ ಉರುಳಿದ್ದು ಏನು? ಓಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ, ನಮ್ಮ ಮೂಡೆ!

"ಅಯ್ಯೋ, ನನ್ನ ಮೂಡೆ!" ಎಂದು ಪೋಸ್ಟ್‌ಮಾಸ್ಟ್ರು ಕಿರುಚಿದರು.

ಅಜ್ಜಿ ಮೆಲ್ಲನೆ ತಿರುಗಿದರು. "ಊಟ ಎಲ್ಲಿ ಅಂತ ಕೇಳಿದವರು ನೀವೇ ಅಲ್ವಾ?"

"ಅದು... ಸಂಜೆಗೆ ಅಂತ ತಂದದ್ದು. ಕಂಪನಿಯ ಊಟ ಇರುವಾಗ ನಮ್ಮದನ್ನು ಯಾಕೆ ಮುಗಿಸುವುದು ಅಂತ..."

"ಹಾಗಾ?" ಎಂದ ಅಜ್ಜಿ ಎರಡೂ ಸಾಲಿನ ಮೇಲೆ ಕಣ್ಣಾಡಿಸಿದರು. ಚೀಲಗಳೆಲ್ಲ ಒಂದೊಂದಾಗಿ ಬೆನ್ನ ಹಿಂದಕ್ಕೆ ಸರಿಯುತ್ತಿದ್ದವು. "ಎಲ್ಲರೂ ತೆಗೆಯಿರಿ ಹೊರಗೆ!"

ಆ ಗಂಟಲಿಗೆ ಎದುರಾಡುವವರು ಯಾರು? ಒಂದು ಚೀಲದಿಂದ ಬೆಲ್ಲ ಕಾಯಿ ಹಾಕಿದ ಅವಲಕ್ಕಿ ಹೊರಟಿತು. ಇನ್ನೊಂದರಿಂದ ಕಡ್ಲೆಬೇಳೆಯ ಚಟ್ಟಂಬಡೆ. ಬನ್ಸ್ ಬಂತು, ಹಲಸಿನ ಹಪ್ಪಳ ಬಂತು, ಬುತ್ತಿಯನ್ನ, ಮಾವಿನ ಉಪ್ಪಿನಕಾಯಿ, ಕಡುಬು, ಉಂಡೆ, ಚಕ್ಕುಲಿ ಬಂದವು. ಒಬ್ಬರು ಮದ್ದಿನ ಡಬ್ಬಿ ಎಂದು ಎಲ್ಲರಿಗೂ ಹೇಳಿದ್ದ ಡಬ್ಬಿಯಲ್ಲಿ ಗೋಡಂಬಿ ಹೋಳಿಗೆ ಇತ್ತು. "ಇದು ಯಾವ ರೋಗಕ್ಕೆ?" ಎಂದು ಅಜ್ಜಿ ಕೇಳಿದರು. ತಿಂಡಿ ತರದವರು ಇಡೀ ಬಸ್ಸಿನಲ್ಲಿ ನಾನು, ಧಣಿಗಳು ಇಬ್ಬರೇ. ನಾವು ಕೋಟೆ ನೋಡಲು ಬಂದವರು.

"ಕರಿ ಕನ್ನಡಕದ ತಮ್ಮಾ, ನಿನ್ನ ಬ್ಯಾಗು?" ಅಜ್ಜಿ ಗೋಡೆಯ ಕಡೆ ಕೈ ತೋರಿಸಿದರು.

ಭಾವ ಬ್ಯಾಗನ್ನು ಎದೆಗೆ ಒತ್ತಿಕೊಂಡರು. "ಇದರಲ್ಲಿ ಬಟ್ಟೆ."

"ಬಟ್ಟೆಗೆ ತುಪ್ಪದ ಪರಿಮಳ ಉಂಟಲ್ಲ. ತಾ ಇಲ್ಲಿ!"

ಝಿಪ್ಪು ಎಳೆದರೆ ಮೇಲೆ ಗಲ್ಫಿನ ಖರ್ಜೂರ, ಬಿಸ್ಕತ್ತಿನ ಡಬ್ಬ. ಕೆಳಗೆ ದೊಡ್ಡ ಸ್ಟೀಲಿನ ಡಬ್ಬದಲ್ಲಿ ಅಂಚಿನವರೆಗೆ ತುಪ್ಪದಲ್ಲಿ ಕರಿದ ಗುಳಿಯಪ್ಪ. ಧಣಿಗಳು ಬಗ್ಗಿ ಆ ಡಬ್ಬವನ್ನು ನೋಡಿದರು, ಮತ್ತೊಮ್ಮೆ ನೋಡಿದರು.

"ಇದು ನನ್ನ ಮನೆಯ ಡಬ್ಬ! ಅಣ್ಣನಿಗೆ ಗುಳಿಯಪ್ಪ, ಗಂಡನಿಗೆ ಬೆಳಗ್ಗೆ ಒಣ ಬನ್ನು!"

ಇಡೀ ಪಂಕ್ತಿ ಹೊಟ್ಟೆ ಹಿಡಿದು ನಕ್ಕಿತು. ಭಾವನಿಗೂ ನಗು ತಡೆಯಲಾಗಲಿಲ್ಲ. ಕಾಡಿನಿಂದ ಅಗಲ ಎಲೆ ಕಿತ್ತು ತಂದು ಹಾಕಿದೆವು. ಧಣಿಗಳು ತೋಳು ಮಡಚಿ ಬಡಿಸಲು ನಿಂತರು. ಬಟ್ಟೆ ಅಳೆದ ಕೈ, ಒಂದೊಂದು ಚಮಚವನ್ನೂ ಅಳೆದೇ ಹಾಕುತ್ತಿತ್ತು. "ಬ್ಯಾರಿಗಳೇ, ಇದು ಲಂಗದ ಬಟ್ಟೆ ಅಲ್ಲ, ಅವಲಕ್ಕಿ. ಧಾರಾಳ ಹಾಕಿ!" ಎಂದರು ಅಜ್ಜಿ. ಭಾವನನ್ನು ನೀರಿಗೆ ಓಡಿಸಿದರು. ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿ ಅರಸರ ಕೆರೆಯಿಂದ ಕಂಪನಿಯ ಕೊಡಪಾನ ತುಂಬಿಸಿ ಹೊತ್ತು ತಂದ ಭಾವನಿಗೆ ಕೊನೆಯಲ್ಲಿ ಅಜ್ಜಿಯ ಪಕ್ಕದಲ್ಲೇ ಜಾಗ. ಭಾವ ಮೂಡೆಗೆ ಗುಳಿಯಪ್ಪ ಮುಟ್ಟಿಸಿ ತಿನ್ನುವುದನ್ನು ನೋಡಬೇಕಿತ್ತು.

ಉಂಡವರೆಲ್ಲ ಕಂಬಕ್ಕೊಬ್ಬರಂತೆ ಒರಗಿದರು. ಪೋಸ್ಟ್‌ಮಾಸ್ಟ್ರು ಬೆಲ್ಟು ಸಡಿಲಿಸಿ ತೀರ್ಪು ಕೊಟ್ಟರು: "ಏನೇ ಹೇಳಿ, ಕಂಪನಿಯ ಊಟದ ವ್ಯವಸ್ಥೆ ಫಸ್ಟ್ ಕ್ಲಾಸ್! ಇಷ್ಟು ಬಗೆ ಮದುವೆಯಲ್ಲೂ ಇಲ್ಲ." ಎಲ್ಲರೂ ಹೌದು ಹೌದು ಎಂದರು. ಬರುವ ಆದಿತ್ಯವಾರಕ್ಕೆ ಅಲ್ಲೇ ಸೀಟು ಹೇಳಿದರು. ಅಜ್ಜಿ ತಮ್ಮ ತವರಿನವರಿಗೂ ಸೇರಿಸಿ ಹೇಳಿದರು.

ಧಣಿಗಳು ಭಾವನ ಎದುರು ಬಂದು ನಿಂತರು. ಕೈಯಲ್ಲಿ ಇನ್ನೂ ಬಡಿಸುವ ಚಮಚ. ಭಾವ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ಜನರನ್ನೊಮ್ಮೆ ನೋಡಿ ಹೇಳಿದರು: "ಬಸ್ಸು ನಿನ್ನ ಹತ್ತಿರವೇ ಇರಲಿ."

ಧಣಿಗಳು ಚಮಚ ಹಿಡಿದೇ ನನ್ನನ್ನು ಅಪ್ಪಿಕೊಂಡರು. ನನಗೂ ಖುಷಿ ಎಂದರೆ ಅಷ್ಟು ಖುಷಿ.

"ಮತ್ತೆ" ಎಂದರು ಭಾವ, ಮೆಲ್ಲಗೆ. "ಬರುವ ಆದಿತ್ಯವಾರ ನನಗೂ ಒಂದು ಸೀಟು ಇಡು."

ಧಣಿಗಳು ಚಮಚ ಎತ್ತಿ ಹಿಡಿದರು. "ಸೀಟು ಇಡಬಹುದು ಭಾವ. ಮೊದಲು ಹೇಳಿ, ನೀವು ಎಂತ ತರ್ತೀರಿ?"

ಆ ಆದಿತ್ಯವಾರ ಬೆಳಗ್ಗೆ ಬಸ್ಸು ಆಗಲೇ ಭರ್ತಿ. ಭಾವ ತಮ್ಮ ಹಿತ್ತಿಲಿನ ಹಲಸಿನ ಹಣ್ಣೊಂದನ್ನು ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತಾ ಬಂದರು. ಎಮ್ಮೆಕರುವಿನಷ್ಟು ದೊಡ್ಡದು, ಪರಿಮಳ ಹೆದ್ದಾರಿಯವರೆಗೆ. ಕೆಳಗಿಟ್ಟರೆ ತಿರುವಿನಲ್ಲಿ ಉರುಳಿ ಒಡೆದೀತು, ಮೇಲೆ ಕಟ್ಟಿದರೆ ಬಿದ್ದೀತು. ಖಾಲಿ ಇದ್ದದ್ದು ಕಿಟಕಿ ಪಕ್ಕದ ಒಂದೇ ಸೀಟು.

ಧಣಿಗಳು ತುಂಬ ಗಂಭೀರವಾಗಿ ಹೇಳಿದರು: "ಒಂದು ಸೀಟಿಗೆ ಒಬ್ಬರೇ ಭಾವ. ಅದು ಕಂಪನಿಯ ರೂಲು. ನ್ಯಾಯವಾಗಿ ಜನರನ್ನೇ ಕೇಳುವ." ಆಮೇಲೆ ಬಸ್ಸಿನ ಕಡೆ ತಿರುಗಿದರು. "ಯಾರು ಕೂರಬೇಕು?"

"ಹಣ್ಣು!" ಎಂದಿತು ಇಡೀ ಬಸ್ಸು.

ಹೀಗೆ ನಾವು ಆಗುಂಬೆ ಘಾಟಿ ಹತ್ತಿದೆವು. ಹಲಸಿನ ಹಣ್ಣು ಟವೆಲು ಹೊದ್ದು ಕಿಟಕಿಯ ಪಕ್ಕ ಆರಾಮವಾಗಿ ಕುಳಿತಿತ್ತು. ಬಸ್ಸಿನ ಅರ್ಧ ಪಾಲಿನ ಧಣಿ ಮಾತ್ರ ಒಂದು ಕೈಯಲ್ಲಿ ಸರಳು, ಇನ್ನೊಂದು ಕೈಯಲ್ಲಿ ಹಣ್ಣನ್ನು ಹಿಡಿದು, ಪ್ರತಿ ತಿರುವಿಗೂ "ಮೆಲ್ಲಗೆ ಮಾರಾಯ, ಅದಕ್ಕೆ ತಾಗೀತು" ಎನ್ನುತ್ತಾ ದಾರಿಯುದ್ದಕ್ಕೂ ನಿಂತೇ ಬಂದರು.